ಮೋಕದ ಮೇರೆಯನ್ನು ಬರೆದವರು ಯಾರು?

ಹಗರಿಯ ಸೀಮೆಯ ಎರೆಹೊಲಗಳ ನಡುವೆ ಇರುವ ಮೋಕ ಬಳ್ಳಾರಿ ತಾಲ್ಲೂಕಿನ ಒಂದು ಊರು. ಕನ್ನಡ ತೆಲುಗುಗಳೆರಡೂ ಇಲ್ಲಿನವರ ಕಿವಿಗೆ ಪಳಗಿದ ನುಡಿಗಳು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ಸಮತೋಲದ ಮಾತು ಬಂದಾಗಲೆಲ್ಲ ನಾವು ಇಂಗ್ಲೆಂಡನ್ನೋ ಅಮೆರಿಕವನ್ನೋ ನೆನೆಯುವುದು ವಾಡಿಕೆ. ನನಗೆ ನೆನಪಾಗುವುದು ಮೋಕ. ಈ ಊರು ಯಾವ ರಾಜ್ಯಕ್ಕೆ ಸಲ್ಲಬೇಕೆಂಬ ಪ್ರಶ್ನೆ ಕೆಲವೇ ವರ್ಷಗಳಲ್ಲಿ ಎರಡು ಸಲ ತಕ್ಕಡಿಗೆ ಬಿದ್ದಿತು.

ಆಂಧ್ರ ರಾಜ್ಯ ರಚನೆಯಾಗುವುದೆಂದು ಪ್ರಧಾನಿ ನೆಹರೂ 1952ರ ಡಿಸೆಂಬರಿನಲ್ಲಿ ಸಾರಿದಾಗ ಬಳ್ಳಾರಿ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು. ರಾಜಸ್ಥಾನದ ಮುಖ್ಯ ನ್ಯಾಯಾಧೀಶ ವಾಂಛೂ ಅವರು ಹೊಸ ರಾಜ್ಯಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಪರಿಶೀಲಿಸಿದರು. 1953ರ ಮಾರ್ಚಿಯಲ್ಲಿ ಕೇಂದ್ರ ಸರಕಾರ ತನ್ನ ನಿರ್ಧಾರವನ್ನು ತಿಳಿಸಿತು: ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ; ಉಳಿದವು ಮೈಸೂರಿಗೆ; ಬಳ್ಳಾರಿ ತಾಲ್ಲೂಕಿನ ಮಾತು ಆಮೇಲೆ. ಹೀಗೆ ತೂಗಾಡುತ್ತ ಉಳಿದ ತಾಲ್ಲೂಕನ್ನು ಹೈದರಾಬಾದಿನ ಮುಖ್ಯ ನ್ಯಾಯಾಧೀಶ ಮಿಶ್ರ ಅವರು ವಿಚಾರಿಸಿ, ಮೈಸೂರಿಗೆ ಸೇರಲೆಂದರು. ಸರಕಾರ ಒಪ್ಪಿತು, ಪಾರ್ಲಿಮೆಂಟು ಕಾನೂನು ಮಾಡಿತು. 1953ರ ಅಕ್ಟೋಬರ್ 1ರಂದು ಮೋಕ ಮೈಸೂರು ರಾಜ್ಯದ ಊರಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ವಾಂಛೂ, ಮಿಶ್ರ ಇಬ್ಬರೂ ನ್ಯಾಯಾಧೀಶರೇ. ಆದರೂ ಅವರು ಬರೆದದ್ದು ತೀರ್ಪಲ್ಲ, ವರದಿ. ತೀರ್ಪಿಗೆ ಸರಕಾರ ತಲೆಬಾಗಬೇಕು. ವರದಿಯನ್ನು ಸರಕಾರ ತೂಗಿ ನೋಡಬಹುದು.

ಈ ಭೇದದ ಬೆಲೆ ಎರಡೇ ವರ್ಷಗಳಲ್ಲಿ ತಿಳಿಯಿತು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ತುಂಗಭದ್ರಾ ಯೋಜನೆಯ ಹಿತವನ್ನೂ ಆಡಳಿತದ ಸೌಕರ್ಯವನ್ನೂ ಮುಂದಿಟ್ಟು, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳು ಆಂಧ್ರಕ್ಕೆ ಹೋಗಲೆಂದು ಅದು ಹೇಳಿತು. ನಾಡಿಗೆ ಸೇರಿದ ಸಂತೋಷ ಆರುವ ಮೊದಲೇ ಬಿಟ್ಟುಹೋಗುವ ಅಂಜಿಕೆ! ಆದರೆ ಸರಕಾರ ಆ ಸಲಹೆಯನ್ನು ಒಪ್ಪಲಿಲ್ಲ. 1956ರ ಕಾನೂನಿನಲ್ಲಿ ಈ ತಾಲ್ಲೂಕುಗಳು ಮೈಸೂರಿನಲ್ಲಿಯೇ ಉಳಿದವು. ಆಯೋಗದ ಮಾತೇ ಕೊನೆಯ ಮಾತಾಗಿದ್ದರೆ ಮೋಕ ಇಂದು ಕರ್ನಾಟಕದಲ್ಲಿ ಇರುತ್ತಿರಲಿಲ್ಲ.

ಹಾಗಾದರೆ ಕೊನೆಯ ಮಾತು ಯಾರದು? ಸಂವಿಧಾನದ 3ನೆಯ ಅನುಚ್ಛೇದದಂತೆ ಅದು ಪಾರ್ಲಿಮೆಂಟಿನದು. ರಾಷ್ಟ್ರಪತಿಗಳ ಶಿಫಾರಸಿಲ್ಲದೆ ಮಸೂದೆ ಬರುವಂತಿಲ್ಲ. ಸಂಬಂಧಿಸಿದ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು. ಆದರೆ ಆ ಅಭಿಪ್ರಾಯಕ್ಕೆ ಪಾರ್ಲಿಮೆಂಟು ಕಟ್ಟುಬೀಳಬೇಕಾಗಿಲ್ಲವೆಂದು ಬಾಬುಲಾಲ್ ಪರಾಟೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1959ರಲ್ಲಿ ಹೇಳಿತು. ಸಲಹೆ ಒಬ್ಬರದು, ಪ್ರಸ್ತಾವ ಇನ್ನೊಬ್ಬರದು, ಶಾಸನ ಮತ್ತೊಬ್ಬರದು. ವಿಧಿ ಮೀರಿದರೆ ಕೇಳುವುದು ನ್ಯಾಯಾಲಯ.

ಈ ಏರ್ಪಾಡನ್ನು ಹೊಗಳಿ ಲೇಖನ ಮುಗಿಸುವುದು ಸುಲಭ. ಆದರೆ ಕಾಸರಗೋಡು ನೆನಪಿಗೆ ಬರುತ್ತದೆ. 1967ರಲ್ಲಿ ಮಹಾಜನ ಆಯೋಗ ಬೆಳಗಾವಿ ಮೈಸೂರಿನಲ್ಲಿಯೇ ಇರಲಿ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಬರಲಿ ಎಂದಿತು. ಪಾರ್ಲಿಮೆಂಟು ಆ ವರದಿಯನ್ನು ಶಾಸನವಾಗಿಸಲಿಲ್ಲ. ಬೆಳಗಾವಿ ನಮ್ಮಲ್ಲಿ ಉಳಿಯಿತು, ಕಾಸರಗೋಡು ಬರಲಿಲ್ಲ. ಮಹಾಜನ ವರದಿಯೇ ಅಂತಿಮವೆಂದು ನಾವು ಕನ್ನಡಿಗರು ಅಂದಿನಿಂದ ಹೇಳುತ್ತ ಬಂದಿದ್ದೇವೆ. ತರಗತಿಯಲ್ಲಿ ನಾನೂ ಹೇಳಿದ್ದೇನೆ. ಆಯೋಗದ ವರದಿ ಅಂತಿಮವೆಂಬ ವಾದ 1955ರಲ್ಲಿ ಗೆದ್ದಿದ್ದರೆ ಬಳ್ಳಾರಿಯೇ ಕೈಬಿಡುತ್ತಿತ್ತು. ಮೋಕವನ್ನು ಉಳಿಸಿದ ನಿಯಮವೇ ಕಾಸರಗೋಡನ್ನು ಹೊರಗಿಟ್ಟಿತು. ಲಾಭವಾದಾಗ ಒಂದು ನ್ಯಾಯ, ನಷ್ಟವಾದಾಗ ಇನ್ನೊಂದು ನ್ಯಾಯ ಎನ್ನುವುದು ತಕ್ಕಡಿಯ ಒಂದು ತಟ್ಟೆಗೆ ಬೆರಳಿಟ್ಟಂತೆ.

ಹಾಗೆಂದು ಕಾಸರಗೋಡಿನ ಕನ್ನಡಿಗರ ಅಳಲು ಸುಳ್ಳಲ್ಲ. ಅಧಿಕಾರದ ಅಂಗಗಳು ಒಂದನ್ನೊಂದು ತಡೆದು ನಿಲ್ಲಿಸಿದರಷ್ಟೇ ಸಮತೋಲ ಪೂರ್ಣವಾಗದು. ಸಲಹೆಯನ್ನು ಒಪ್ಪದವರು ಏಕೆ ಒಪ್ಪಲಿಲ್ಲವೆಂದು ಮೇರೆಯ ಊರಿನವನಿಗೂ ತಿಳಿಯುವಂತೆ ಹೇಳಬೇಕು. ಆ ಋಣ ಮೋಕದವರಿಗೂ ಸಲ್ಲಬೇಕು, ಚಂದ್ರಗಿರಿಯ ದಂಡೆಯವರಿಗೂ ಸಲ್ಲಬೇಕು.