ನಮ್ಮ ಸೀಮೆಯ ಗೋದಲಿಯೂ ನಕ್ಷತ್ರದೀಪವೂ

ಶತಮಾನೋತ್ಸವದ ಸಂಚಿಕೆಗಳಲ್ಲಿ ದೇವಾಲಯದ ಅಸ್ತಿಭಾರ, ಗೋಪುರ, ಗಂಟೆ ಹಾಗೂ ಸೇವೆ ಸಲ್ಲಿಸಿದ ಗುರುವರ್ಯರ ನಾಮಾವಳಿ ಇವುಗಳಿಗೆ ಅಗ್ರಸ್ಥಾನ ದೊರೆಯುವುದು ಉಚಿತವೇ ಆಗಿದೆ. ಕಲ್ಲಿನಲ್ಲಿ ಕೆತ್ತಿದುದೂ ಕಡತದಲ್ಲಿ ಬರೆದುದೂ ಚರಿತ್ರಕಾರನಿಗೆ ಸುಲಭವಾಗಿ ಕೈಗೆ ಸಿಗುತ್ತವೆ. ಡಿಸೆಂಬರ್ ತಿಂಗಳಲ್ಲಿ ಕಟ್ಟಿ ಜನವರಿಯಲ್ಲಿ ಬಿಚ್ಚಿಹಾಕುವ ವಸ್ತುಗಳ ಗತಿ ಬೇರೆ. ಬಿದಿರ ದಬ್ಬೆಯ ನಕ್ಷತ್ರ, ಭತ್ತದ ಹುಲ್ಲಿನ ಕೊಟ್ಟಿಗೆ, ಬಣ್ಣದ ಕಾಗದದ ತೋರಣ ಇವು ಯಾವ ದಫ್ತರದಲ್ಲಿಯೂ ದಾಖಲಾಗುವುದಿಲ್ಲ. ಹಾಗಿದ್ದರೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಕಥೋಲಿಕ ಮನೆಗಳಲ್ಲಿ ಮಕ್ಕಳು ಧರ್ಮೋಪದೇಶದ ಪಾಠಕ್ಕಿಂತ ಮೊದಲೇ ಕೈಯಿಂದ ಮುಟ್ಟಿ ಕಲಿತದ್ದು ಇವುಗಳನ್ನೇ. ಆದುದರಿಂದ ಅವುಗಳ ವೃತ್ತಾಂತವನ್ನು ಕಿಂಚಿತ್ತಾದರೂ ಬರೆದಿಡುವುದು ಯುಕ್ತವೆಂದು ತೋರುತ್ತದೆ.

ಮೈಸೂರು ಸಂಸ್ಥಾನಕ್ಕೆ ಯೇಸುಸಭೆಯ ಗುರುಗಳು ಬಂದದ್ದು ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ. ಇಟಲಿಯ ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ನೆಲೆನಿಂತು ಕನ್ನಡವನ್ನು ಕಲಿತು ಇಲ್ಲಿನ ಕೆಲಸಕ್ಕೆ ಬುನಾದಿ ಹಾಕಿದರು. ಆ ಕಾಲದ ಹಳ್ಳಿಯ ಕ್ರೈಸ್ತರು ಹಬ್ಬವನ್ನು ಹೇಗೆ ಸಿಂಗರಿಸುತ್ತಿದ್ದರೆಂಬುದನ್ನು ಊಹಿಸಬಹುದೇ ಹೊರತು ಖಚಿತವಾಗಿ ಹೇಳುವಂತಿಲ್ಲ. ಖಚಿತವಾದ ಸಾಕ್ಷ್ಯ ದೊರೆಯುವುದು ಅಬ್ಬೆ ದ್ಯುಬುವಾ ಅವರಿಂದ. ಅದೂ ಒಂದು ದೂರಿನ ರೂಪದಲ್ಲಿ!

ಟಿಪ್ಪುಸುಲ್ತಾನನ ಪತನದ (1799) ತರುವಾಯ ಮೈಸೂರಿಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿ, 1823ರಲ್ಲಿ ಸ್ವದೇಶಕ್ಕೆ ಮರಳಿದ ಈ ಫ್ರೆಂಚ್ ಗುರುಗಳು ದೇಶೀಯರಂತೆಯೇ ಬಾಳಿದವರು. ಅಂಥವರೂ ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಇಲ್ಲಿನ ಕಥೋಲಿಕರ ಮೆರವಣಿಗೆಗಳ ಬಗ್ಗೆ ಬರೆಯುವಾಗ ಸಂಕೋಚಪಟ್ಟಿದ್ದಾರೆ. ರಾತ್ರಿಯ ವೇಳೆ ತಮಟೆ ತುತ್ತೂರಿಗಳ ಗದ್ದಲ, ಲೆಕ್ಕವಿಲ್ಲದಷ್ಟು ಪಂಜುಗಳು, ಬಾಣಬಿರುಸು, ಹೂಮಾಲೆಗಳಿಂದಲೂ ಥಳಕಿನ ಅಲಂಕಾರಗಳಿಂದಲೂ ತುಂಬಿದ ತೇರಿನ ಮೇಲೆ ಸಂತರ ಪ್ರತಿಮೆ, ಇವೆಲ್ಲವೂ ದೇಶದ ಜನರ ಅಭಿರುಚಿಗೆ ತಕ್ಕಂತಿದ್ದವೆಂದೂ ತಮಗೆ ಮಾತ್ರ ನಾಚಿಕೆಯ ವಿಷಯವಾಗಿದ್ದವೆಂದೂ ಅವರ ಮಾತಿನ ಸಾರಾಂಶ. ಪೂಜ್ಯರ ಬಗ್ಗೆ ನಮಗೆ ಗೌರವವಿದ್ದೇ ಇದೆ. ಆದರೂ ಅವರ ನಾಚಿಕೆಯೇ ನಮ್ಮ ಪೂರ್ವಿಕರ ಪರವಾದ ಸಾಕ್ಷ್ಯವೆಂದು ಹೇಳದೆ ವಿಧಿಯಿಲ್ಲ. ಸಾವಿರಾರು ಜನ ಸೆರೆ ಹೋಗಿ, ಪೂಜಾಸ್ಥಾನಗಳು ಹಾಳಾಗಿ, ಗುರುಗಳಿಲ್ಲದೆ ವರ್ಷಾನುಗಟ್ಟಲೆ ಕಳೆದ ಸಮುದಾಯವೊಂದು ತನ್ನ ಹಬ್ಬವನ್ನು ತನ್ನ ಕೈಯಿಂದಲೇ, ತನ್ನ ಊರಿನ ಹೂವು ಬೇಗಡೆಗಳಿಂದಲೇ ಸಿಂಗರಿಸಿಕೊಳ್ಳುವ ಉತ್ಸಾಹವನ್ನು ಉಳಿಸಿಕೊಂಡಿತ್ತು.

ಇದಕ್ಕೆ ಹೊಂದುವ ಮತ್ತೊಂದು ಐತಿಹ್ಯ ನಮ್ಮ ಮಗ್ಗುಲಲ್ಲೇ ಇದೆ. ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯಲ್ಲಿ ರೈತನೊಬ್ಬನು ಹೊಲ ಉಳುತ್ತಿದ್ದಾಗ ಮರದ ಪ್ರತಿಮೆಯೊಂದು ದೊರೆಯಿತೆಂದೂ, ಅದನ್ನು ಬೊಂಬೆಯೆಂದು ಬಗೆದು ಮಕ್ಕಳಿಗೆ ಆಡಲು ಕೊಟ್ಟನೆಂದೂ, ಅದು ಸಂತ ಅಂತೋಣಿಯವರ ಪ್ರತಿಮೆಯೆಂಬುದು ಆಮೇಲೆ ತಿಳಿಯಿತೆಂದೂ ಭಕ್ತರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಆ ಪುಣ್ಯಕ್ಷೇತ್ರವು 2019ರಲ್ಲಿ ಬಸಿಲಿಕದ ಪದವಿಗೇರಿತು. ಜೂನ್ 13ರ ಹಬ್ಬಕ್ಕೆ ಸಕಲ ಜಾತಿಮತಗಳ ಜನ ನೆರೆಯುವ ಆ ಸ್ಥಳದ ಕಥೆಯಲ್ಲಿ ಪ್ರತಿಮೆ ಮೊದಲು ಸೇರಿದ್ದು ಮಕ್ಕಳ ಕೈಯನ್ನು ಎಂಬ ಅಂಶವು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದದ್ದು.

ಇನ್ನು ಗೋದಲಿಯ ಮಾತಿಗೆ ಬರೋಣ. 1223ರ ಕ್ರಿಸ್ತಜಯಂತಿಯಂದು ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅದನ್ನು ಏರ್ಪಡಿಸಿದರೆಂಬುದು ಸರ್ವವಿದಿತ. ಅಲ್ಲಿ ಬೊಂಬೆಗಳಿರಲಿಲ್ಲ, ಒಂದು ಮೇವಿನ ತೊಟ್ಟಿ, ಅದರ ತುಂಬ ಹುಲ್ಲು, ಜೀವಂತವಾದ ಒಂದು ಎತ್ತು, ಒಂದು ಕತ್ತೆ, ಇಷ್ಟೇ. ಸಂತರ ಚರಿತ್ರೆಯನ್ನು ಮೊದಲು ಬರೆದ ಚೆಲಾನೊ ಊರಿನ ಥಾಮಸ್ ಅವರು, ಆ ತೊಟ್ಟಿಯ ಹುಲ್ಲನ್ನು ಜೋಪಾನವಾಗಿಟ್ಟು ರೋಗಪೀಡಿತ ದನಗಳಿಗೆ ತಿನ್ನಿಸಿದಾಗ ಅವು ಗುಣಹೊಂದಿದವೆಂದು ಬರೆದಿದ್ದಾರೆ. ದನಕರುಗಳೊಡನೆ ಬಾಳುವ ನಮ್ಮ ರೈತರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ. ಪರದೇಶದ ಪದ್ಧತಿಯೊಂದು ನಮ್ಮ ಸೀಮೆಯಲ್ಲಿ ಇಷ್ಟು ಸಲೀಸಾಗಿ ಬೇರೂರಿದ್ದಕ್ಕೆ ಮುಖ್ಯ ಕಾರಣ ಇದೇ ಇರಬೇಕು: ಚಿತ್ರಪಟಗಳಲ್ಲಿ ಕಾಣುವ ಬೆತ್ಲೆಹೇಮಿನ ಕೊಟ್ಟಿಗೆಗೂ ನಮ್ಮ ಹಟ್ಟಿಯ ಕೊಟ್ಟಿಗೆಗೂ ಬಹಳ ವ್ಯತ್ಯಾಸವಿರಲಿಲ್ಲ.

ಸಾಮಗ್ರಿಯೂ ಕಾಲಕ್ಕೆ ಸರಿಯಾಗಿ ಒದಗುತ್ತಿತ್ತು. ಭತ್ತದ ಕಣಜವೆನಿಸಿದ ಕೃಷ್ಣರಾಜನಗರದ (ಹಿಂದಿನ ಎಡತೊರೆಯ) ನಾಲೆಯ ಬಯಲುಗಳಲ್ಲಿ ಡಿಸೆಂಬರ್ ಎಂದರೆ ಕೊಯ್ಲಿನ ಕಾಲ; ಹೊಸ ಹುಲ್ಲು ಬೇಕಾದಷ್ಟು. ಮಿಕ್ಕ ಮೂರು ತಾಲ್ಲೂಕುಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳು ಆ ವೇಳೆಗೆ ತಣ್ಣಗಾಗಿರುತ್ತವೆ. ಎಲೆಯನ್ನು ಕೋಲಿಗೆ ಪೋಣಿಸಿ ಉಳಿದ ಹುರಿಯೇ ಗೋದಲಿಯ ಕಂಬಗಳನ್ನು ಬಿಗಿಯಲು ಸಾಕು. ಗೋಡೆಗೆ ಕೆರೆಯ ಜೇಡಿ. ಬೆಟ್ಟಗುಡ್ಡಗಳಿಗೆ ಹಳೆಯ ಕಾಗದವನ್ನೋ ಗೋಣಿತಾಟನ್ನೋ ಕೆಮ್ಮಣ್ಣಿನ ಗೊಜ್ಜಿನಲ್ಲಿ ಅದ್ದಿ, ಮುದುರಿ ಒಣಗಿಸಿದರೆ ಬಂಡೆಯ ರೂಪ ಬರುತ್ತದೆ. ಒಡೆದ ಕನ್ನಡಿಯ ಚೂರೇ ಕೊಳ. ಮುಖ್ಯ ಬೊಂಬೆಗಳು ಮಾತ್ರ ಪಟ್ಟಣದಿಂದ ಬರುತ್ತಿದ್ದವು. ಕುರಿಗಳನ್ನು ಹುಡುಗರೇ ಮಣ್ಣಿನಲ್ಲಿ ಮಾಡುತ್ತಿದ್ದರು, ಅವು ಕೆಲವೊಮ್ಮೆ ಸೂಸೆಯಪ್ಪನವರಿಗಿಂತ ಎತ್ತರವಾಗಿಬಿಡುತ್ತಿದ್ದವು.

ಗೋದಲಿಯ ಹಸಿರು ಪೈರಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಆಗಮನಕಾಲದಲ್ಲಿ, ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ, ತಟ್ಟೆಯಲ್ಲೋ ಒಡೆದ ಮಡಕೆಯ ಓಡಿನಲ್ಲೋ ಗೊಬ್ಬರ ಬೆರೆಸಿದ ಮಣ್ಣು ಹರಡಿ, ನೆನೆಸಿದ ರಾಗಿಯನ್ನು ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ ನೆರಳಿನಲ್ಲಿಡುತ್ತಾರೆ. ನೀರನ್ನು ಕೈಯಿಂದ ಚಿಮುಕಿಸಬೇಕೇ ಹೊರತು ಸುರಿಯಬಾರದು. ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಸೇರುತ್ತದೆ. ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯದಲ್ಲಿ ಡಿಸೆಂಬರ್ 4ರಂದು, ಸಂತ ಬಾರ್ಬರಮ್ಮನವರ ಹಬ್ಬದಲ್ಲಿ, ಹೀಗೆಯೇ ಗೋಧಿಯನ್ನು ಬಿತ್ತುವ ರೂಢಿಯುಂಟು. ನಮ್ಮ ಸೀಮೆಗೆ ಬಂದ ಗುರುಗಳಲ್ಲಿ ಬಹುಕಾಲ ಫ್ರೆಂಚರೇ ಹೆಚ್ಚಾಗಿದ್ದುದರಿಂದ ಇದು ಅವರಿಂದ ಬಂದಿತೆಂದು ವಾದಿಸುವವರು ಇದ್ದಾರು. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಮದುವೆಯ ಮನೆಯಲ್ಲಿ ಅಂಕುರಾರ್ಪಣೆಯೆಂದು ಪಾಲಿಕೆಗಳಲ್ಲಿ ನವಧಾನ್ಯ ಬಿತ್ತುವುದು ಈ ನಾಡಿನ ಪುರಾತನ ಸಂಪ್ರದಾಯ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದಂದಿನಿಂದ ದಸರೆಯು ಮೈಸೂರಿನ ನಾಡಹಬ್ಬವಾಗಿ ಬೆಳೆದುಬಂದಿದೆ. ಆ ದಿನಗಳಲ್ಲಿ ಮನೆಮನೆಗಳಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸಿ, ಅವುಗಳ ಮುಂದೆ ರಾಗಿ ಸಾಸಿವೆಗಳ ಮೊಳಕೆಯಿಂದ ಪುಟ್ಟ ಉದ್ಯಾನ ಬೆಳೆಸುವುದನ್ನು ಎಲ್ಲರೂ ಕಂಡಿದ್ದಾರೆ. ನೆರೆಮನೆಯ ಗೊಂಬೆಯ ಆರತಿಗೆ ಹೋಗಿ ಬೊಂಬೆಬಾಗಿನ ತಿಂದು ಬಂದ ಕ್ರೈಸ್ತ ಮಕ್ಕಳು ಎರಡು ತಿಂಗಳ ಮೇಲೆ ತಮ್ಮ ಗೋದಲಿಗೆ ರಾಗಿ ಚೆಲ್ಲಿದ್ದರಲ್ಲಿ ಆಶ್ಚರ್ಯವೇನು?

ನಕ್ಷತ್ರದೀಪದ ಕಥೆ ಸ್ವಲ್ಪ ಭಿನ್ನ. ಜರ್ಮನಿಯ ನೀಸ್ಕಿ ಎಂಬಲ್ಲಿನ ಮೊರೇವಿಯನ್ ಶಾಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ರೇಖಾಗಣಿತದ ಪಾಠಕ್ಕೆಂದು ಕಾಗದದ ಬಹುಕೋನ ನಕ್ಷತ್ರವನ್ನು ಹುಡುಗರಿಂದ ಮಾಡಿಸಿದರು. ಅದು ಯೂರೋಪಿನಲ್ಲಿ ಹಬ್ಬದ ದೀಪವಾಯಿತು. ನಮ್ಮ ಐದು ಮೂಲೆಯ ತಾರೆಯು ಅದಕ್ಕಿಂತ ಫಿಲಿಪೀನ್ಸಿನ ಬಿದಿರಿನ ‘ಪರೋಲ್’ ದೀಪಕ್ಕೂ, ನಮ್ಮವರೇ ದೀಪಾವಳಿಗೆ ಏರಿಸುವ ಆಕಾಶಬುಟ್ಟಿಗೂ ಹತ್ತಿರದ ನೆಂಟ. ಮಾಡುವ ವಿಧಾನವನ್ನು ಬಲ್ಲವರು ಕಡಿಮೆಯಾಗುತ್ತಿರುವುದರಿಂದ ಇಲ್ಲಿ ಬರೆದಿಡುತ್ತೇನೆ. ಸಮನಾದ ಹತ್ತು ಬಿದಿರ ದಬ್ಬೆಗಳನ್ನು ಸೀಳಿ ನುಣುಪಾಗಿ ಹೆರೆಯಬೇಕು. ಐದೈದು ದಬ್ಬೆಗಳನ್ನು ಒಂದರ ಮೇಲೊಂದು ಹಾಯಿಸಿ ತುದಿಗಳನ್ನು ಕಟ್ಟಿದರೆ ಎರಡು ನಕ್ಷತ್ರಗಳಾಗುತ್ತವೆ. ಎರಡನ್ನೂ ಜೋಡಿಸಿ ಐದು ತುದಿಗಳಲ್ಲಿ ಬಿಗಿದು, ನಡುವೆ ದಬ್ಬೆಗಳು ಒಂದನ್ನೊಂದು ದಾಟುವ ಐದು ಸಂಧಿಗಳಲ್ಲಿ ಗೇಣುದ್ದದ ಕಡ್ಡಿಗಳನ್ನು ನಿಲ್ಲಿಸಬೇಕು. ಆಗ ಹೊಟ್ಟೆ ಉಬ್ಬಿ ದೀಪಕ್ಕೆ ಸ್ಥಳವಾಗುತ್ತದೆ. ಗಾಳಿಪಟದ ತೆಳುಕಾಗದವನ್ನು ಮೈದಾ ಅಂಟಿನಿಂದ ಹಚ್ಚುವುದು. ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸಿದರೆ ಜಿರಲೆ ಮುಟ್ಟುವುದಿಲ್ಲ. ಮೈಲುತುತ್ತ ವಿಷವಾದುದರಿಂದ ಈ ಕೆಲಸ ದೊಡ್ಡವರದು. ಕೆಳಗಡೆಯ ಒಂದು ಮಗ್ಗುಲನ್ನು ದೀಪವಿಡಲು ತೆರೆದು ಬಿಡಬೇಕು.

ಮೈಸೂರು ನಗರಕ್ಕೆ 1908ರಲ್ಲಿಯೇ ವಿದ್ಯುದ್ದೀಪ ಬಂದರೂ ಹಳ್ಳಿಗಳಿಗೆ ಅದು ತಲುಪಲು ದಶಕಗಳೇ ಹಿಡಿದವು. ಅಲ್ಲಿಯವರೆಗೆ ತಾರೆಯೊಳಗೆ ಮೇಣದ ಬತ್ತಿ ಅಥವಾ ಪುಟ್ಟ ಬುಡ್ಡಿ. ಗಾಳಿ ಬೀಸಿದರೆ ವಾರದ ಶ್ರಮ ಅರೆಗಳಿಗೆಯಲ್ಲಿ ಭಸ್ಮ. ಹುಡುಗರು ಸರದಿಯ ಮೇಲೆ ಕಾವಲು ಕೂರುತ್ತಿದ್ದುದು ಇದೇ ಕಾರಣಕ್ಕೆ. ಬಿದಿರನ್ನು ಮೇದರ ಕೇರಿಯಿಂದ ತರುತ್ತಿದ್ದರು. ಕಾಕನಕೋಟೆಯ ಕಡೆಯ ಕಾಡಿನಲ್ಲಿ ಅದು ಹೇರಳವಾಗಿತ್ತು. 1988ರಲ್ಲಿ ನಾಗರಹೊಳೆಯು ರಾಷ್ಟ್ರೀಯ ಉದ್ಯಾನವಾದ ಬಳಿಕ ಕಾಡಿನ ಬಿದಿರು ಮೊದಲಿನಂತೆ ಕೈಗೆಟುಕಲಿಲ್ಲ.

ಕಾಗದದ ಸರಪಳಿ ಮತ್ತು ತೋರಣಗಳು ಬಂದದ್ದು ಶಾಲೆಗಳ ದಾರಿಯಿಂದ. 1837ರಲ್ಲಿ ಜರ್ಮನಿಯಲ್ಲಿ ಶಿಶುವಿಹಾರದ ಪದ್ಧತಿಯನ್ನು ಆರಂಭಿಸಿದ ಫ್ರೋಬೆಲ್ ಅವರು ಕಾಗದ ಮಡಿಸುವುದು, ಕತ್ತರಿಸುವುದು, ಹೆಣೆಯುವುದು ಇವನ್ನು ಎಳೆಯರ ಶಿಕ್ಷಣದ ಅಂಗವಾಗಿಸಿದರು. ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1854ರಲ್ಲಿಯೂ, ತಾರ್ಬ್‌ನ ಸಂತ ಜೋಸೆಫರ ಕನ್ಯಾಸ್ತ್ರೀಯರು 1882ರಲ್ಲಿಯೂ ಬೆಂಗಳೂರಿಗೆ ಬಂದು ಶಾಲೆಗಳನ್ನು ತೆರೆದರು. ಇಂಥ ಶಾಲೆಗಳ ಕೈಕೆಲಸ ಕ್ರಮೇಣ ಹಳ್ಳಿಯ ಮನೆಗಳನ್ನು ಹೊಕ್ಕಿತು. ಕ್ರಿಸ್ತಜಯಂತಿಗೆ ಕತ್ತರಿಸಿದ ಅದೇ ತೋರಣ ಪ್ರಥಮ ಪರಮಪ್ರಸಾದದ ಚಪ್ಪರಕ್ಕೂ, ಮಕ್ಕಳ ಹುಟ್ಟುಹಬ್ಬಕ್ಕೂ, ಆಗಸ್ಟ್ 15ರ ಧ್ವಜವಂದನೆಗೂ ಒದಗುತ್ತಿತ್ತು. ಮಾವಿನೆಲೆಯ ಜೊತೆಯಲ್ಲಿ ಕಾಗದದ ತೋರಣ, ಕ್ರಿಸ್ಮಸ್ ಮರಕ್ಕೆ ಸರ್ವೆಯ ಕೊಂಬೆ, ಹಿಮಕ್ಕೆ ಬೂರುಗದ ಹತ್ತಿ! ಪಿರಿಯಾಪಟ್ಟಣದ ಡಿಸೆಂಬರಿನಲ್ಲಿ ಮಂಜು ಮುಸುಕುವುದುಂಟು, ಹಿಮ ಬೀಳುವುದಿಲ್ಲ. ಈ ಹತ್ತಿಯ ವ್ಯಾಮೋಹವೊಂದು ನನಗೆ ಎಂದೂ ಅರ್ಥವಾದುದಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾವಿಧಿಯ ಶಾಸನದಲ್ಲಿ ಧರ್ಮಸಭೆಯು ಯಾವುದೇ ಒಂದು ಕಲಾಶೈಲಿಯನ್ನು ತನ್ನದೆಂದು ಅಂಗೀಕರಿಸಿಲ್ಲವೆಂದು ಸ್ಪಷ್ಟಪಡಿಸಿತು. ದ್ಯುಬುವಾ ಅವರ ದೂರಿಗೆ ನೂರನಲವತ್ತು ವರ್ಷಗಳ ತರುವಾಯ ದೊರೆತ ಉತ್ತರವೆಂದು ಇದನ್ನು ಓದಬಹುದು. ಆದರೆ ಅನುಮತಿ ದೊರೆತ ಕಾಲಕ್ಕೇ ಕೈಗಳು ಸುಮ್ಮನಾಗತೊಡಗಿದ್ದು ವಿಧಿಯ ವಿಲಾಸ. ಪೇಟೆಯಲ್ಲಿ ಸಿದ್ಧ ನಕ್ಷತ್ರಗಳು ಬಂದವು. ಕಾಗದ ಹೋಗಿ ಪ್ಲಾಸ್ಟಿಕ್, ಜೇಡಿ ಹೋಗಿ ಥರ್ಮೋಕೋಲ್. ಗೋದಲಿ ಸ್ಪರ್ಧೆಗಳಲ್ಲಿ ತೀರ್ಪುಗಾರರು ಮಿನುಗುವ ದೀಪಗಳಿಗೂ ತಿರುಗುವ ಯಂತ್ರಗಳಿಗೂ ಬಹುಮಾನ ಕೊಡತೊಡಗಿದ ಮೇಲೆ ಹುಲ್ಲಿನ ಗುಡಿಸಲನ್ನು ಕಟ್ಟಿದ ಕೂಲಿಯವನ ಮಗ ಹಿಂದೆ ಸರಿದು ನಿಂತ. ಕೊಂಡು ತಂದ ಗೋದಲಿಯನ್ನು ಜೋಡಿಸಲು ಒಬ್ಬರು ಸಾಕು. ಕಟ್ಟುವ ಗೋದಲಿಗೆ ಇಡೀ ಕೇರಿ ಬೇಕಿತ್ತು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರವು ಅಲಂಕಾರದ ಥರ್ಮೋಕೋಲನ್ನು ನಿಷೇಧಿಸಿದೆ. ಧರ್ಮಕೇಂದ್ರದ ಯುವಕರು ಜೇಡಿಯತ್ತ ಮರಳಲು ಇದೊಂದು ನೆಪವಾದರೆ ಒಳ್ಳೆಯದೇ. ಕಲಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ.

ಮೂರು ರಾಜರ ಹಬ್ಬ ಕಳೆದ ಮೇಲೆ ಗೋದಲಿಯನ್ನು ಬಿಚ್ಚುವುದಕ್ಕೂ ಒಂದು ಕ್ರಮವಿತ್ತು. ಬೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದರು. ನಕ್ಷತ್ರದ ಕಾಗದ ಹರಿದು ಬಿದಿರನ್ನು ಮಾತ್ರ ಅಟ್ಟಕ್ಕೆ ಏರಿಸುತ್ತಿದ್ದರು. ಹುಲ್ಲನ್ನೂ, ಅಷ್ಟು ಹೊತ್ತಿಗೆ ಹಳದಿಗೆ ತಿರುಗಿದ ರಾಗಿಯ ಪೈರನ್ನೂ ಮಕ್ಕಳು ಒಯ್ದು ಹಟ್ಟಿಯಲ್ಲಿ ಕಟ್ಟಿದ ಹಸುವಿನ ಮುಂದೆ ಹಾಕುತ್ತಿದ್ದರು.