ಬುರುಡೆಯ ತಳದ ಗಡ್ಡೆ: ನಿಮ್ಹಾನ್ಸ್‌ನಿಂದ ಕೆಂಗೇರಿಯವರೆಗೆ

ಬೆಂಗಳೂರು ವಿಜಯನಗರದ ನಮ್ಮ ನಿವೃತ್ತ ದಾದಿಯರ ಬಳಗದ ಸಂಚಿಕೆಗೆ ನಿಮ್ಹಾನ್ಸ್‌ನ ನರಶಸ್ತ್ರ ವಿಭಾಗದ ಬಗ್ಗೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದ್ದಾರೆ. ಬರೆಯುವುದಾದರೆ ಡಾ. ಆರ್. ಮಾರ್ತಾಂಡ ವರ್ಮ ಅವರಿಂದಲೇ ಶುರು ಮಾಡಬೇಕು. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ 1958ರಲ್ಲಿ ಬಂದು ಈ ವಿಭಾಗ ಕಟ್ಟಿದವರು ಅವರು. ಹುಚ್ಚಾಸ್ಪತ್ರೆ ಎಂದು ಊರೇ ದೂರವಿಟ್ಟಿದ್ದ ಆವರಣಕ್ಕೆ ತಲೆಯ ಆಪರೇಷನ್ನಿಗೆ ಬನ್ನಿ ಎಂದರೆ ಯಾರು ಬಂದಾರು? ಆದರೂ ಜನ ಬಂದರು. ಬುರುಡೆಯ ತಳದಲ್ಲಿರುವ ಸಹಜ ರಂಧ್ರದ ಮೂಲಕ ಸೂಜಿ ಹಾಯಿಸಿ ಪಾರ್ಕಿನ್ಸನ್ ರೋಗಕ್ಕೆ ಚಿಕಿತ್ಸೆ ಮಾಡಿದ ವರ್ಮ ಅವರಿಗೆ ಆ ತಳ ಅಪರಿಚಿತವಾಗಿರಲಿಲ್ಲ.

ಆಗ ಸ್ಕ್ಯಾನ್ ಇರಲಿಲ್ಲ. ಬೆನ್ನುಹುರಿಯ ದ್ರವ ತೆಗೆದು ಗಾಳಿ ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ಆಮೇಲಿನ ತಲೆನೋವು ರೋಗಿಗೆ ಗಡ್ಡೆಗಿಂತ ಘೋರವೆನಿಸುತ್ತಿತ್ತು. ಒಳಗಿವಿಯ ಕಾಲುವೆ ಒಂದೇ ಬದಿ ಅಗಲವಾಗಿದ್ದರೆ ಶ್ರವಣನರದ ಗಡ್ಡೆಯ ಗುಮಾನಿ. ಅಷ್ಟರಲ್ಲಿ ರೋಗಿ ಕಿವಿ ಮಂದವಾದದ್ದು ಗುಗ್ಗೆಯಿಂದ ಎಂದುಕೊಂಡು ವರ್ಷಗಟ್ಟಲೆ ಕಿವಿಗೆ ಎಣ್ಣೆ ಬಿಟ್ಟಿರುತ್ತಿದ್ದ.

1974ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ಸಂಸ್ಥೆ ನಿಮ್ಹಾನ್ಸ್ ಆಯಿತು. ಮುಂದೆ ನಿರ್ದೇಶಕರಾದ ಡಾ. ಜಿ.ಎನ್. ನಾರಾಯಣ ರೆಡ್ಡಿಯವರೂ ನರಶಸ್ತ್ರ ತಜ್ಞರೇ. ಸಿಟಿ, ಮೈಕ್ರೋಸ್ಕೋಪು, ಎಂಆರ್‌ಐ, ಮೂಗಿನೊಳಗಿಂದ ಹೋಗುವ ಎಂಡೋಸ್ಕೋಪು ಒಂದೊಂದಾಗಿ ಬಂದವು. ಬುರುಡೆಯ ತಳ ಕಿವಿ-ಮೂಗು-ಗಂಟಲಿನವರದೋ ನರಶಸ್ತ್ರದವರದೋ ಎಂಬ ಜಗ್ಗಾಟ ಎಲ್ಲ ಕಡೆ ಇದ್ದದ್ದೇ. ಈಗ ಇಬ್ಬರೂ ಒಂದೇ ಟೇಬಲ್ಲಿಗೆ ನಿಲ್ಲುತ್ತಾರೆ.

ಹೊಗಳಿಕೆಯೆಲ್ಲ ಡಾಕ್ಟರಿಗೆ ಹೋಯಿತು, ಇರಲಿ. ಆದರೆ ಗಡ್ಡೆ ತೆಗೆದ ರಾತ್ರಿ ಎಚ್ಚರವಿದ್ದವರು ನಾವು ದಾದಿಯರು. ಮುಖದ ನರ ಸೋತರೆ ಕಣ್ಣು ಮುಚ್ಚದು. ಮುಲಾಮು ಹಚ್ಚಿ ರೆಪ್ಪೆಗೆ ಟೇಪು ಹಾಕದಿದ್ದರೆ ಕಣ್ಣಿನ ಕರಿಗುಡ್ಡೆಯಲ್ಲಿ ಹುಣ್ಣಾಗುತ್ತದೆ. ನುಂಗುವ ನರ ದುರ್ಬಲವಾಗಿದ್ದರೆ ಒಂದು ಗುಟುಕು ಕಾಫಿಯೂ ಶ್ವಾಸಕೋಶಕ್ಕೆ ಇಳಿದೀತು. ಮಮತೆಯಿಂದ ಲೋಟ ಹಿಡಿದು ಬರುವ ಅಮ್ಮಂದಿರನ್ನು ಬಾಗಿಲಲ್ಲೇ ತಡೆದು ಬೈಸಿಕೊಂಡಿದ್ದೇವೆ. ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ನೆಗಡಿಯಲ್ಲ, ಮಿದುಳಿನ ದ್ರವ ಇರಬಹುದು ಎಂದು ಓಡಿದವರೂ ನಾವೇ.

ಅಂದು ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಬರಬೇಕಿತ್ತು. ಆಮೇಲೆ ನಮ್ಮ ಕಡೆಯೇ, ಕೆಂಗೇರಿಯ ಬಿಜಿಎಸ್ ಆಸ್ಪತ್ರೆಯಲ್ಲಿ, ಡಾ. ಎನ್.ಕೆ. ವೆಂಕಟರಮಣ ಅವರ ಮುಂದಾಳತ್ವದಲ್ಲಿ ನರಶಸ್ತ್ರ ವಿಭಾಗ ಬೆಳೆಯಿತು. ಖರ್ಚಿನ ಮಾತು ಬೇರೆ.

ಈಗಂತೂ ಶ್ರವಣನರದ ಗಡ್ಡೆ ಚಿಕ್ಕದಿದ್ದರೆ ಕತ್ತರಿ ಮುಟ್ಟಿಸದೆ ಎಂಆರ್‌ಐ ಮಾಡಿಸುತ್ತ ಕಾಯುವುದುಂಟು. ಬೆಳೆದರೆ ಗಾಮಾ ನೈಫ್ ವಿಕಿರಣವೂ ಇದೆ. ಬಸವೇಶ್ವರನಗರದ ಗೆಳತಿಯೊಬ್ಬಳು "ಗಡ್ಡೆ ಇದೆಯಂತೆ, ಮುಂದಿನ ವರ್ಷ ಬನ್ನಿ ಅಂದರು" ಎಂದು ಹೇಳಿ ನೆಮ್ಮದಿಯಾಗಿ ಮಲಗಿದಳು. ನಿದ್ದೆಗೆಟ್ಟವಳು ನಾನು.