ಮಾವಾರ ಯೆಜ್ಡಿ, ಅತ್ತಿ ಇಟ್ಟ ಡಬ್ಬಿ

ಈ ಸಲ ಆಯುಧ ಪೂಜಿ ದಿನ ನಮ್ಮತ್ತಿ ಕುಡಗೋಲು, ಕೊಡಲಿ, ಈಳಿಗಿ ಸಂಗಾಟ ಒಂದು ಕರಿ ಡಬ್ಬಿಗೂ ಕುಂಕುಮ ಹಚ್ಚಿದ್ರು. ಕಾರ್ಣಿಕಕ್ಕ ಬಂದ ಬೀಗರೆಲ್ಲಾ ನಕ್ಕರು. ಮಗ್ಗಲ ಮನಿ ಅಕ್ಕಾರಂತೂ, "ಯವ್ವಾ, ಎಲಿ-ಅಡಕಿ ಡಬ್ಬಿಗೂ ಪೂಜಿ ಏನ?" ಅಂದ್ರು. ಅದು ಎಲಿ-ಅಡಕಿ ಡಬ್ಬಿ ಅಲ್ರೀ, ಮಾವಾರ ಯೆಜ್ಡಿ ಗಾಡಿಯ ಗಾಳಿ ಡಬ್ಬಿ. ಅದರ ಕಥಿ ಅವತ್ತು ಅಡಗಿ ಗದ್ದಲದಾಗ ಹೇಳಾಕ ಆಗಲಿಲ್ಲ, ಇಲ್ಲಿ ಬರೀತೀನಿ.

ಮೊದಲ ಗಾಡಿ ಹುಟ್ಟಿದ್ದು ಹೇಳಬೇಕು. ಜಾವಾ ಅನ್ನೋದು ಜೆಕ್ ದೇಶದ ಗಾಡಿ. 1929ರಾಗ ಯಾನೆಚೆಕ್ ಅನ್ನಾವ್ರು ವಾಂಡರರ್ ಅನ್ನೋ ಕಂಪನಿಯ ಗಾಡಿ ಮಾಡೋ ಹಕ್ಕು ತಗೊಂಡು, ಎರಡೂ ಹೆಸರಿನ ಮೊದಲ ಅಕ್ಷರ ಕೂಡಿಸಿ 'ಜಾವಾ' ಅಂದ್ರು. ನಮ್ಮ ದೇಶಕ್ಕ ಅದನ್ನ ತಂದು ಮೈಸೂರಾಗ ಕಾರ್ಖಾನಿ ಹಾಕಿದವ್ರು ಇರಾನಿ ಮನೆತನದ ಪಾರ್ಸಿ ಮಂದಿ, ಕಂಪನಿ ಹೆಸರು ಐಡಿಯಲ್ ಜಾವಾ. ಜಯಚಾಮರಾಜ ಒಡೆಯರು ಆಗ ಮೈಸೂರು ರಾಜ್ಯದ ರಾಜ್ಯಪಾಲರು. ಅವರ ಬೆಂಬಲ ಇತ್ತು. 1961ರಿಂದ ಮೈಸೂರಿನ ಜಾವಾ ರಸ್ತಾಕ್ಕ ಬಂತು. ಮುಂದ ಎಪ್ಪತ್ತರ ದಶಕದಾಗ ಹೆಸರು ಯೆಜ್ಡಿ ಆತು. 1978ರಾಗ ರೋಡ್‌ಕಿಂಗ್ ಬಂತು. ನಮ್ಮ ಮಾವಾರು ತಗೊಂಡದ್ದು ಅದನ್ನ, ಒಂದು ವರ್ಷದ ಮೆಣಸಿನಕಾಯಿ ರೊಕ್ಕದಾಗ. 250 ಸಿ.ಸಿ.ಯ ಒಂದ ಸಿಲಿಂಡರ್, ಹೊಗಿ ಬಿಡಾಕ ಮಾತ್ರ ಎರಡು ಸೈಲೆನ್ಸರ್. ಕಿಕ್ ಹೊಡಿಯೋ ಕಡ್ಡಿನ ಮುಂದಕ್ಕ ತಿರುವಿದ್ರ ಅದ ಗೇರ್ ಆಗ್ತಿತ್ತು. ಅತ್ತಿ ಮದುವಿ ಆದ ಹೊಸದಾಗಿ ಕಂಡ ಸೋಜಿಗ ಇದೇ ಅಂತ.

ಆ ಕಾರ್ಖಾನಿ 1996ರಾಗ ಮುಚ್ಚಿತು. ನಮ್ಮ ಮನಿಯ ತ್ರಾಸು ಶುರು ಆದದ್ದು ಅಲ್ಲಿಂದ ಅಂದ್ರೂ ನಡೀತೈತಿ. ಗಾಡಿ ಗಟ್ಟಿ ಇತ್ತು, ಸಾಮಾನು ಸಿಗಲಿಲ್ಲ. ಗಾಳಿ ಡಬ್ಬಿಯಿಂದ ಕಾರ್ಬೊರೇಟರ್‌ಗೆ ಹೋಗೋ ರಬ್ಬರ್ ಕೊಳವಿ ಬಿಸಲಿಗೆ ಸೀಳಿತು. ಮಾವಾರು ಇದ್ದಾಗ ಟ್ಯೂಬಿನ ಪಟ್ಟಿ ಸುತ್ತಿ ದಿನಾ ನೂಕಿದ್ರು. ಅವರು ಹೋದ ಮ್ಯಾಲ ನನ್ನ ಮಗ ಗಾಡಿ ಹೊರಗ ತೆಗೆದ. ಮೆಕ್ಯಾನಿಕ್ ಒಬ್ಬಾವ, "ಈ ಡಬ್ಬಿ ಯಾಕ? ಒಗದು ಬಿಡು, ಗಾಳಿ ಚೊಲೋ ಎಳೀತೈತಿ, ಸೌಂಡೂ ಬರ್ತೈತಿ" ಅಂತ ಹೇಳಿ ಕಾರ್ಬೊರೇಟರ್ ಬಾಯಿಗೆ ಸೀದಾ ಒಂದು ಸಣ್ಣ ಫಿಲ್ಟರ್ ಸಿಗಿಸಿಕೊಟ್ಟ. ಸೌಂಡ್ ಬಂತು ಖರೇ. ಅತ್ತಿ ಒಳಗಿಂದ ಕೇಳಿದವ್ರ, "ಇದು ನಿಮ್ಮ ಅಜ್ಜನ ಗಾಡಿ ದನಿ ಅಲ್ಲ. ಇದಕ್ಕ ದಮ್ಮು ಹತ್ತೈತಿ" ಅಂದ್ರು. ನಲವತ್ತು ವರ್ಷ ಸಂಜಿಕ ಬಾಗಿಲದಾಗ ನಿಂತು ಆ ದನಿ ಕಾದವ್ರು ಅವರು. ನಾವು ನಕ್ಕು ಬಿಟ್ವಿ.

ಗಾಡಿ ತೊಡಕು ತೋರಿಸಿತ್ತು, ನೋಡಾಕ ಬರಲಿಲ್ಲ ನಮಗ. ಎಕ್ಸಲೇಟರ್ ಒಮ್ಮಿಗೇ ತಿರುವಿದ್ರ ಕೆಮ್ಮತಿತ್ತು. ಬಿಟ್ರೂ ಎಂಜಿನ್ ಲಗೂ ಇಳೀತಿದ್ದಿಲ್ಲ, ಮ್ಯಾಲ ಮ್ಯಾಲ ಕೂಗತಿತ್ತು. ಬ್ಯಾಡಗಿಗೆ ಹೋಗೋ ದಾರ್ಯಾಗ ನಾನು ಹಿಂದ ಬುತ್ತಿ ಗಂಟು ಹಿಡ್ಕೊಂಡು ಕುಂತಿದ್ದೆ. ಒಮ್ಮಿಗೇ ಹಿಂದಿನ ಗಾಲಿ ತಿರಗೋದು ನಿಂತು ಜರ್‍ರಂತ ಎಳಕೊಂಡು ಹೋತು. ಮಗ ಕ್ಲಚ್ ಹಿಡಿದ, ಗಾಡಿ ಬದಿಗೆ ನಿಂತಿತು. ಹಿಂದ ಲಾರಿ ಇರಲಿಲ್ಲ. ಇದ್ದಿದ್ರ ಇದನ್ನ ಬರಿಯಾಕ ನಾನು ಇರ್ತಿದ್ದಿಲ್ಲ.

ಯಾಕ ಹಂಗಾತು ಅಂದ್ರ, ಅಡಗಿಮನಿ ಲೆಕ್ಕದಾಗ ಹೇಳ್ತೀನಿ. ಗ್ಯಾಸಿನ ಒಲಿಗೆ ಗಾಳಿ ಕಡಿಮಿ ಆದ್ರ ಉರಿ ಹಳದಿ, ಬೋಗುಣಿ ತಳ ಕರಿ. ಗಾಳಿ ಹೆಚ್ಚಾದ್ರ ಉರಿ ಬರ್ ಅಂತ ಹಾರತೈತಿ. ಕಾರ್ಬೊರೇಟರ್ ಮಾಡೋದೂ ಈ ಕೂಡಿಸೋ ಕೆಲಸಾನ. ಇಕ್ಕಟ್ಟಿನ ಕೊಳವ್ಯಾಗ ಹರಿಯೋದು ಜೋರಾಗಿ ಓಡ್ತೈತಿ, ಅಲ್ಲಿ ಒತ್ತಡ ಕಡಿಮಿ ಆಗ್ತೈತಿ ಅಂತ ಇಟಲಿಯ ವೆಂಚುರಿ ಅನ್ನಾವ್ರು 1797ರಾಗ ತೋರಿಸಿದ್ರು. 1893ರಾಗ ಜರ್ಮನಿಯ ಮೇಬ್ಯಾಕ್ ಸಣ್ಣ ತೂತಿನಿಂದ ಪೆಟ್ರೋಲ್ ಚಿಮ್ಮೋ ಕಾರ್ಬೊರೇಟರ್ ಮಾಡಿದ್ರು. ತೂಕದ ಲೆಕ್ಕದಾಗ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಾಕ ಸುಮಾರು 14.7 ಪಾಲು ಗಾಳಿ ಬೇಕು. ಮೈಸೂರಾಗ ಆ ಡಬ್ಬಿ, ಕೊಳವಿ, ಜೆಟ್ಟಿನ ತೂತು ಎಲ್ಲಾ ಒಂದಕ್ಕೊಂದು ಅಳತಿ ಹೊಂದಿಸಿ ಕೂಡಿಸಿದ್ರು. ನಾವು ಡಬ್ಬಿ ತೆಗೆದು ಗಾಳಿ ಹೆಚ್ಚಿಸಿದ್ವಿ, ಜೆಟ್ಟು ಹಳೀದ ಬಿಟ್ವಿ. ಪೆಟ್ರೋಲ್ ಕಡಿಮಿ ಬಿತ್ತು. ಯೆಜ್ಡಿಗೆ ಎಣ್ಣಿ ಪೆಟ್ರೋಲಿನಾಗ ಕೂಡೇ ಬರ್ತೈತಿ (ಮಾವಾರು ಲೀಟರಿಗೆ 40 ಮಿ.ಲೀ. ಹಾಕ್ತಿದ್ರು), ಅಂದ್ರ ಎಣ್ಣೀನೂ ಕಡಿಮಿ ಆತು. ಕಾವು ಏರಿತು, ಪಿಸ್ಟನ್ ಉಬ್ಬಿ ಸಿಲಿಂಡರಿನಾಗ ಕಚ್ಚಿಕೊಂತು.

ಆಮ್ಯಾಲ ಬ್ಯಾರೆ ಮೆಕ್ಯಾನಿಕ್ ಅಣ್ಣಾರು ಒಬ್ರು ಸಿಕ್ರು, ವಯಸ್ಸಾದಾವ್ರು. ಪ್ಲಗ್ ಬಿಚ್ಚಿ ನನ್ನ ಕೈಯಾಗ ಇಟ್ರು. ತುದಿ ಸುಣ್ಣದಂಗ ಬಿಳಿ. ಚಹಾದ ಬಣ್ಣ ಇರಬೇಕಂತ; ಕರಿ ಇದ್ರ ಪೆಟ್ರೋಲ್ ಹೆಚ್ಚು, ಬಿಳಿ ಇದ್ರ ಗಾಳಿ ಹೆಚ್ಚು. ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ಮೊದಲ ಅವರು ನೋಡಿದ್ದು ಕಾರ್ಬೊರೇಟರ್ ಮತ್ತ ಎಂಜಿನ್ ನಡುವಿನ ಪ್ಯಾಕಿಂಗ್. ಅಲ್ಲಿ ಕಳ್ಳ ಗಾಳಿ ಹೋದ್ರೂ ಇದ ರೋಗ. ಅದು ಸರಿ ಇತ್ತು. ಆಮ್ಯಾಲ ಚಾಲೂ ಮಾಡಿ ಚೋಕ್ ಅರ್ಧ ಎಳೆದ್ರು. ಕೆಮ್ಮು ನಿಂತಿತು! "ನೋಡವಾ ತಂಗಿ, ಗಾಳಿ ಬಾಯಿ ಮುಚ್ಚಿದ್ರ ಗಾಡಿ ಸುಧಾರಿಸ್ತು ಅಂದ್ರ ಅದರ ಹಸಿವು ಪೆಟ್ರೋಲಿಂದು" ಅಂದ್ರು. ಹೊಸ ಫಿಲ್ಟರ್ ಬೇಕ ಅಂದ್ರ ದೊಡ್ಡ ಜೆಟ್ ಹಾಕಬೇಕು, ಸೂಜಿಯ ಕ್ಲಿಪ್ ಒಂದು ಗೀರು ಕೆಳಗ ಇಳಿಸಿ ಸೂಜಿ ಮ್ಯಾಲ ಎತ್ತಬೇಕು, ಪ್ರತಿ ಸಲ ಪ್ಲಗ್ ನೋಡಿ ತಿದ್ದಬೇಕು. ಇಲ್ಲಂದ್ರ ಹಳೀ ಡಬ್ಬಿ ತರ್‍ರಿ ಅಂದ್ರು.

ಮಗನ ಮುಖ ಬಾಡಿತು, ಅವ ಅದನ್ನ ಗುಜರಿಗೆ ಕೊಡಾಕ ಹೇಳಿದ್ದ. ಅತ್ತಿ ಎದ್ದು ಹೋಗಿ ಅಟ್ಟದ ಮ್ಯಾಲಿನ ಹಾಸಗಿ ಸುರುಳಿಯಿಂದ ಡಬ್ಬಿ ತಗದು ತಂದ್ರು. ಮಾವಾರ ಹಳೆ ಪಂಚೆದಾಗ ಸುತ್ತಿ ಇಟ್ಟಿದ್ರು. ರಬ್ಬರ್ ಕೊಳವಿಗೆ ಮಾತ್ರ ಹಳೆ ಸಾಮಾನಿನ ಅಂಗಡಿ ಎಷ್ಟೋ ತಿರುಗಬೇಕಾತು.

ಪೂಜಿ ಮುಂದ ತೊಳದು ಒಣಗಾಕ ಹೊರಗ ಇಟ್ಟಿದ್ವಿ, ಅದಕ್ಕ ಕುಂಕುಮ ಬಿತ್ತು. ಮರುದಿನ ಮಗ ಅದನ್ನ ಕೂಡಿಸಿ ಕಿಕ್ ಹೊಡೆದ. ಅತ್ತಿ ಒಳಗ ರೊಟ್ಟಿ ಬಡಿಯೋದು ಒಂದು ಗಳಿಗಿ ನಿಲ್ಲಿಸಿದ್ರು, ಆಮ್ಯಾಲ ಮತ್ತ ಬಡಿಯಾಕ ಹತ್ತಿದ್ರು.